ಲ್ಯಾಪ್‌ಟಾಪ್ ಚೆನ್ನಾಗಿದೆ, ಕಂಪನಿಯ ಬಾಯಿ ಮಾತ್ರ ಬಿಗಿ

ಕೀಬೋರ್ಡ್‌ಗೆ ಐದು ಸ್ಟಾರ್, ಪರದೆಗೆ ನಾಲ್ಕು. ಕಂಪನಿಗೆ ಒಂದು, ಅದೂ ದಾಕ್ಷಿಣ್ಯಕ್ಕೆ.

ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗುತ್ತಿರಲಿಲ್ಲ. ನೋಡಿದರೆ ಅದರ ಒಂದು ಅಂಚು ಮೇಲೆದ್ದಿದೆ. ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ತೊಟ್ಟಿಲಿನಂತೆ ತೂಗುತ್ತಿದೆ. ಒಳಗೆ ಬ್ಯಾಟರಿ ಉಬ್ಬಿತ್ತು. ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕೆಟ್ಟು ಅನಿಲ ತುಂಬಿಕೊಂಡಾಗ ಹೀಗಾಗುತ್ತದೆ. ಅಂಥದ್ದನ್ನು ಚಾರ್ಜ್‌ಗೆ ಹಾಕುವುದೇ ಅಪಾಯ. ಸಹಾಯವಾಣಿಯವರು 'ಯಾವಾಗಲೂ ಚಾರ್ಜ್‌ಗೆ ಹಾಕಿಡ್ತೀರಾ ಸರ್?' ಎಂದು ತಪ್ಪನ್ನು ನನ್ನ ತಲೆಗೇ ಕಟ್ಟಲು ನೋಡಿದರು. ಸರ್ವಿಸ್ ಸೆಂಟರ್ ಹುಡುಗ ಮಾತ್ರ ಮುಚ್ಚಳ ಬಿಚ್ಚುತ್ತಲೇ 'ಈ ಮಾಡೆಲ್‌ದು ಇದೇ ಕಥೆ' ಅಂದ. ಅವನಿಗೆ ಗೊತ್ತು, ಕಂಪನಿಗೆ ಗೊತ್ತು. ದುಡ್ಡು ಕೊಟ್ಟವನಿಗೆ ಮಾತ್ರ ಗುಟ್ಟು. ಬ್ಯಾಟರಿ ಪುಕ್ಕಟೆ ಬದಲಿಸಿದರು, ನಿಜ. ರಸೀದಿಯಲ್ಲಿ ಬರೆದದ್ದು 'ಸಾಮಾನ್ಯ ನಿರ್ವಹಣೆ'!

2016ರಲ್ಲಿ ಗ್ಯಾಲಕ್ಸಿ ನೋಟ್ 7 ಹೊತ್ತಿಕೊಂಡಾಗ ಸ್ಯಾಮ್‌ಸಂಗ್ ಬದಲಿಗೆ ಕೊಟ್ಟ ಫೋನುಗಳಿಗೂ ಬೆಂಕಿ ಬಿತ್ತು. ಆದರೂ 2017ರ ಜನವರಿಯಲ್ಲಿ, ಒಂದು ಬಗೆಯ ಬ್ಯಾಟರಿಯಲ್ಲಿ ಮೂಲೆಯ ಎಲೆಕ್ಟ್ರೋಡ್ ಬಾಗಿತ್ತು, ಇನ್ನೊಂದರಲ್ಲಿ ವೆಲ್ಡಿಂಗ್‌ನ ಚೂಪು ಉಳಿದಿತ್ತು ಎಂದು ಎಲ್ಲರೆದುರು ಬಿಡಿಸಿ ಹೇಳಿತು. ಆಪಲ್ ಹಾಗಲ್ಲ. ಬ್ಯಾಟರಿ ಹಳತಾದ ಐಫೋನ್‌ಗಳನ್ನು ನಿಧಾನಗೊಳಿಸಿದ್ದಕ್ಕೆ ಅದು 2017ರ ಡಿಸೆಂಬರ್‌ನಲ್ಲಿ ಕ್ಷಮೆ ಕೇಳಿತು, ಅದೂ ಹೊರಗಿನವರು ಅಳೆದು ತೋರಿಸಿದ ಮೇಲೆ.

ನನಗೆ ಅಷ್ಟು ದೊಡ್ಡ ವರದಿಯೇನೂ ಬೇಡ. ನನ್ನ ಸೀರಿಯಲ್ ನಂಬರ್, ಇಮೇಲ್ ಎರಡೂ ಅವರ ಹತ್ತಿರ ಇವೆ. ಹೊಸ ಬ್ಯಾಗಿನ ಜಾಹೀರಾತು ತಪ್ಪದೆ ಬರುತ್ತದೆ. ಅದೇ ವಿಳಾಸಕ್ಕೆ 'ಟಚ್‌ಪ್ಯಾಡ್ ಎದ್ದರೆ ಚಾರ್ಜ್ ಮಾಡಬೇಡಿ, ನಮಗೆ ತಂದುಕೊಡಿ' ಅಂತ ಒಂದು ಸಾಲು ಕಳಿಸೋಕೆ ಏನು ಕಷ್ಟ?