ಬಾಗಿಲ ಸಂದಿಯಿಂದ ಬರುವ ಆ ಹಾಳೆ: ಕ್ರೂಸ್ ಬುಕ್ ಮಾಡುವ ಮೊದಲು ಓದಿ

ಅಮೆರಿಕದಲ್ಲಿರುವ ಮಕ್ಕಳು ಊರಿಂದ ಬಂದ ಅಪ್ಪ ಅಮ್ಮನನ್ನು ಸಿಯಾಟಲ್‌ನಿಂದ ಹೊರಡುವ ಏಳು ದಿನದ ಅಲಾಸ್ಕಾ ಕ್ರೂಸ್‌ಗೆ ಕರೆದುಕೊಂಡು ಹೋಗುವುದು ಈಗ ವಾಡಿಕೆಯೇ ಆಗಿದೆ. ದುಡ್ಡು ಕಟ್ಟಿ ತಿಂಗಳುಗಳಾಗಿರುತ್ತವೆ. ಅಪ್ಪ ಅಮ್ಮನ ಕೆನಡಾ ವೀಸಾಕ್ಕೆ ಓಡಾಡಿದ್ದೂ ಆಗಿರುತ್ತದೆ. ಹಡಗು ಹತ್ತಿದ ಮಾರನೇ ದಿನ ಕ್ಯಾಬಿನ್ ಬಾಗಿಲ ಸಂದಿಯಿಂದ ಒಂದು ಹಾಳೆ ಒಳಗೆ ಬಂದು ಬಿದ್ದಿರುತ್ತದೆ. ಕೆಳಗೆ ಕ್ಯಾಪ್ಟನ್ ಸಹಿ, ಮೇಲೆ ಮೂರೇ ಸಾಲು: ತಾಂತ್ರಿಕ ಕಾರಣದಿಂದ ಹಡಗಿನ ವೇಗ ಕಡಿಮೆ ಮಾಡಲಾಗಿದೆ, ಕೆಚಿಕನ್ ಬಂದರಿಗೆ ಹೋಗುವುದಿಲ್ಲ, ಆ ಬಂದರಿನ ಶುಲ್ಕ ನಿಮ್ಮ ಖಾತೆಗೆ ಜಮೆಯಾಗುತ್ತದೆ. ಜಮೆಯಾಗುವುದು ಶುಲ್ಕ ಮಾತ್ರ. ಟಿಕೆಟ್ ದುಡ್ಡಿನಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ.

ಇದು ಯಾಕಾಗುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಈಗಿನ ದೊಡ್ಡ ಕ್ರೂಸ್ ಹಡಗುಗಳಲ್ಲಿ ಬಹಳಷ್ಟಕ್ಕೆ ಹಿಂಭಾಗದ ತಳದಲ್ಲಿ, ನೀರಿನೊಳಗೆ, ಎರಡು ಅಥವಾ ಮೂರು ಪಾಡ್‌ಗಳಿರುತ್ತವೆ. ಪಾಡ್ ಎಂದರೆ ಒಳಗೆ ವಿದ್ಯುತ್ ಮೋಟರ್, ಹೊರಗೆ ಪ್ರೊಪೆಲರ್ ಇರುವ ದೊಡ್ಡ ಕೊಳವೆ. ಪೂರ್ತಿ 360 ಡಿಗ್ರಿ ತಿರುಗುವುದರಿಂದ ಚುಕ್ಕಾಣಿಯ ಕೆಲಸವನ್ನೂ ಅದೇ ಮಾಡುತ್ತದೆ. ಸವೆಯುವುದು ಅದರ ಬೇರಿಂಗ್, ಸೋರುವುದು ಅದರ ಸೀಲ್. ಎರಡೂ ನೀರಿನ ಕೆಳಗಿರುವುದರಿಂದ ಸರಿಯಾದ ರಿಪೇರಿಗೆ ಸಾಮಾನ್ಯವಾಗಿ ಹಡಗನ್ನು ಡ್ರೈ ಡಾಕ್‌ಗೆ, ಅಂದರೆ ನೀರು ಖಾಲಿ ಮಾಡಿ ತಳ ರಿಪೇರಿ ಮಾಡುವ ಕಟ್ಟೆಗೆ, ಏರಿಸಬೇಕು. ಡಾಕ್ ಬೇಕೆಂದಾಗ ಖಾಲಿ ಇರುವುದಿಲ್ಲ. ಅಲ್ಲಿಯವರೆಗೆ ಕಂಪನಿ ಆ ಪಾಡ್‌ನ ಮೇಲಿನ ಹೊರೆ ಇಳಿಸಿ, ಪ್ರಯಾಣಿಕರನ್ನು ಹತ್ತಿಸಿಕೊಂಡೇ ವಾರಗಟ್ಟಲೆ ಹಡಗು ಓಡಿಸುತ್ತದೆ.

ಲೆಕ್ಕ ಹೀಗಿದೆ. ಹಡಗಿಗೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಎರಡರಲ್ಲಿ ಒಂದು ಪಾಡ್ ನಿಂತು ಶಕ್ತಿ ಅರ್ಧವಾದರೆ 20 ನಾಟ್, ಅಂದರೆ ಗಂಟೆಗೆ 20 ನಾಟಿಕಲ್ ಮೈಲಿ, ಇದ್ದದ್ದು 16ರ ಹತ್ತಿರಕ್ಕೆ ಇಳಿಯುತ್ತದೆ. ನಿಂತ ಆ ಪಾಡ್ ನೀರಿನಲ್ಲಿ ಒಡ್ಡುವ ತಡೆಗೆ ಇನ್ನೂ ಸ್ವಲ್ಪ ಕಡಿಮೆಯೇ. ಸಿಯಾಟಲ್‌ನಿಂದ ಅಲಾಸ್ಕಾದ ಜೂನೋಗೆ ಸುಮಾರು 900 ನಾಟಿಕಲ್ ಮೈಲಿ. 20 ನಾಟ್‌ನಲ್ಲಿ 45 ಗಂಟೆ, 16ರಲ್ಲಿ 56 ಗಂಟೆ. ಮಧ್ಯಾಹ್ನ ತಲುಪಬೇಕಾದ ಹಡಗು ಸರಿರಾತ್ರಿ ತಲುಪುತ್ತದೆ, ಹಾಗಾಗಿ ಒಂದು ಬಂದರು ಬಿಡಲೇಬೇಕು. ಯಾವುದನ್ನು ಬಿಡುತ್ತಾರೆ? ಕೆನಡಾದ ವಿಕ್ಟೋರಿಯಾವನ್ನಂತೂ ಅಲ್ಲ. ವಿದೇಶಿ ಧ್ವಜದ ಹಡಗು ಅಮೆರಿಕದಲ್ಲಿ ಹತ್ತಿಸಿಕೊಂಡವರನ್ನು ಮತ್ತೆ ಅಮೆರಿಕದಲ್ಲೇ ಇಳಿಸಬೇಕಾದರೆ ನಡುವೆ ಒಂದು ವಿದೇಶಿ ಬಂದರು ಮುಟ್ಟಲೇಬೇಕು ಎನ್ನುವುದು ಅಲ್ಲಿನ ಕಾನೂನು. ಆದ್ದರಿಂದ ಕತ್ತಲಲ್ಲಿ ನಾಲ್ಕು ಗಂಟೆ ನಿಲ್ಲುವ ವಿಕ್ಟೋರಿಯಾ ಉಳಿಯುತ್ತದೆ, ನೀವು ಆಸೆಪಟ್ಟು ಬಂದ ಹಿಮನದಿಯೋ ಕೆಚಿಕನ್ನೋ ಹೋಗುತ್ತದೆ.

ಪ್ರಖ್ಯಾತ ಹಡಗುಗಳಿಗೂ ಇದು ತಪ್ಪಿಲ್ಲ. 2006ರ ಜನವರಿಯಲ್ಲಿ ಕ್ವೀನ್ ಮೇರಿ 2 ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್ ಬಿಡುವಾಗ ಕಾಲುವೆಯ ಅಂಚಿಗೆ ತಗುಲಿ ನಾಲ್ಕು ಪಾಡ್‌ಗಳಲ್ಲಿ ಒಂದು ಕೆಟ್ಟಿತು. ರಿಯೊ ಡಿ ಜನೈರೊಗೆ ಹೊತ್ತಿಗೆ ಸರಿಯಾಗಿ ಮುಟ್ಟಲು ಸೇಂಟ್ ಕಿಟ್ಸ್, ಬಾರ್ಬಡೋಸ್, ಸಾಲ್ವಡೋರ್ ಮೂರನ್ನೂ ಕೈಬಿಟ್ಟರು. ಮೊದಲು ಅರ್ಧ ಹಣ ಕೊಡುತ್ತೇವೆ ಎಂದ ಕಂಪನಿ, ಪ್ರಯಾಣಿಕರು ರಿಯೊದಲ್ಲಿ ಹಡಗಿಂದ ಇಳಿಯುವುದಿಲ್ಲ ಎಂದು ಪಟ್ಟುಹಿಡಿದ ಮೇಲೆ ಪೂರ್ತಿ ವಾಪಸ್ ಕೊಟ್ಟಿತು. ಅದು ಸುದ್ದಿಯಾಯಿತು, ಕೊಟ್ಟರು. ಏಳು ದಿನದ ಪ್ರಯಾಣದಲ್ಲಿ ಒಂದು ಬಂದರು ತಪ್ಪಿದರೆ ಯಾವ ಪತ್ರಿಕೆಯೂ ಬರೆಯುವುದಿಲ್ಲ.

ಹಕ್ಕು ಎಲ್ಲಿಯವರೆಗೆ ಇದೆ ಎನ್ನುವುದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಕ್ರೂಸ್ ಕಂಪನಿಗಳ ಸಂಘ ಸಿಎಲ್‌ಐಎ 2013ರಲ್ಲಿ ಪ್ರಯಾಣಿಕರ ಹಕ್ಕುಪಟ್ಟಿ ಒಪ್ಪಿಕೊಂಡಿತು. ಯಂತ್ರ ಕೆಟ್ಟು ಪ್ರಯಾಣ ರದ್ದಾದರೆ ಪೂರ್ತಿ ಹಣ, ಅರ್ಧಕ್ಕೆ ಮುಗಿದರೆ ಭಾಗಶಃ ಹಣ ಹಾಗೂ ಇಳಿಯಬೇಕಿದ್ದ ಬಂದರಿಗೆ ಅಥವಾ ಮನೆಯೂರಿಗೆ ಸಾಗಿಸುವ ವ್ಯವಸ್ಥೆ, ಬೇರೆ ಬಂದರಲ್ಲಿ ಇಳಿಸಿ ರಾತ್ರಿ ಕಳೆಯಬೇಕಾದರೆ ವಸತಿ. ಅಮೆರಿಕದ ಬಂದರಿನಿಂದ ಹೊರಡುವ ಹಡಗು ಹತ್ತುವುದೇ 3 ದಿನ ಅಥವಾ ಹೆಚ್ಚು ತಡವಾದರೆ ಹೋಗದೆ ಪೂರ್ತಿ ಹಣ ಕೇಳಬಹುದು ಎಂಬ ನಿಯಮ 2022ರಿಂದ ಇದೆ. ಯೂರೋಪಿನಲ್ಲಿರುವವರು ಅಲ್ಲೇ ಕೊಂಡ ಪ್ಯಾಕೇಜ್ ಆದರೆ, ಹೇಳಿದ್ದನ್ನು ಕೊಡದಿದ್ದಾಗ ಬೆಲೆ ಇಳಿಸಿ ಎಂದು ಕೇಳಲು ಅಲ್ಲಿನ ಪ್ಯಾಕೇಜ್ ಕಾನೂನಿನಲ್ಲಿ ಅವಕಾಶವಿದೆ. ಆದರೆ ಹಡಗು ಹೊರಟು, ಬಂದರು ಬಿಟ್ಟು, ಸರಿಯಾದ ದಿನ ವಾಪಸ್ ಬಂದರೆ? ಹಕ್ಕುಪಟ್ಟಿಯಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ. ಆನ್‌ಲೈನ್ ಚೆಕ್-ಇನ್ ಮಾಡುವಾಗ ನೀವು ಒತ್ತುವ ‘ಒಪ್ಪಿದ್ದೇನೆ’ ಗುಂಡಿಯ ಹಿಂದಿನ ಒಪ್ಪಂದದಲ್ಲಿ, ಬಂದರು ಬದಲಿಸುವ, ಬಿಡುವ ಅಧಿಕಾರವನ್ನು ಕಂಪನಿ ತನ್ನ ಕೈಲೇ ಇಟ್ಟುಕೊಂಡಿರುತ್ತದೆ. ಜನ ಏಮಾರುವುದು ಇಲ್ಲೇ. ಆದ್ದರಿಂದ ಎಚ್ಚರ ಇರಬೇಕಾದದ್ದು ದುಡ್ಡು ಕಟ್ಟುವ ಮೊದಲು.

ಆ ಹಡಗಿನ ಇಡೀ ವರ್ಷದ ವೇಳಾಪಟ್ಟಿ ತೆಗೆದು ನೋಡಿ. ನಡುವೆ ಹತ್ತರಿಂದ ಇಪ್ಪತ್ತು ದಿನ ಯಾವ ಪ್ರಯಾಣವೂ ಮಾರಾಟಕ್ಕಿಲ್ಲದೆ ಖಾಲಿ ಇದ್ದರೆ, ಅದರ ಹಿಂದುಮುಂದಿನ ಪ್ರಯಾಣ ಬಹಾಮಾಸ್‌ನ ಫ್ರೀಪೋರ್ಟ್, ಸ್ಪೇನ್‌ನ ಕಾಡಿಸ್, ಫ್ರಾನ್ಸ್‌ನ ಮಾರ್ಸೆ, ಸಿಂಗಪುರದಂಥ, ಹಡಗು ರಿಪೇರಿ ಮಾಡುವ ಕಡೆಗಳ ಹತ್ತಿರ ಮುಗಿಯುತ್ತಿದ್ದರೆ, ಅದು ಡ್ರೈ ಡಾಕ್ ಎಂದೇ ತಿಳಿಯಿರಿ. ಹಡಗಿನ ತಳವನ್ನು ಐದು ವರ್ಷದಲ್ಲಿ ಎರಡು ಸಲವಾದರೂ, 36 ತಿಂಗಳಿಗಿಂತ ಹೆಚ್ಚು ಅಂತರ ಬಿಡದೆ ನೀರಿಂದ ಹೊರಗೆ ತಪಾಸಣೆ ಮಾಡಬೇಕೆಂಬುದು ಅಂತರರಾಷ್ಟ್ರೀಯ ನಿಯಮದ ಮೂಲಸೂತ್ರ. ಡ್ರೈ ಡಾಕ್‌ನ ಹಿಂದಿನ ಪ್ರಯಾಣವನ್ನೂ ಮುಂದಿನ ಪ್ರಯಾಣವನ್ನೂ ಬಿಟ್ಟುಬಿಡಿ. ಹಿಂದಿನದರಲ್ಲಿ ಗುತ್ತಿಗೆ ಕೆಲಸಗಾರರು ಮೊದಲೇ ಹತ್ತಿ ಕಾರ್ಪೆಟ್ ಕೀಳುವುದು, ತುಕ್ಕು ಕೆರೆಯುವುದು ಶುರುಮಾಡಿರುತ್ತಾರೆ. ಮುಂದಿನದರಲ್ಲಿ ಮುಗಿಯದ ಕೆಲಸ ನಿಮ್ಮ ತಲೆಯ ಮೇಲೆ ನಡೆಯುತ್ತದೆ. 2018ರ ಮಾರ್ಚ್‌ನಲ್ಲಿ ಮಿಯಾಮಿಯಿಂದ ಪನಾಮಾ ಕಾಲುವೆ ದಾಟಿ ಲಾಸ್ ಏಂಜಲಿಸ್‌ಗೆ ಹೋದ ಒಂದು ಹಡಗಿನಲ್ಲಿ ಪ್ರಯಾಣದುದ್ದಕ್ಕೂ ರಿಪೇರಿ ನಡೆದು, ಲೋಹದ ಪುಡಿ, ಬಣ್ಣದ ವಾಸನೆ, ಸದ್ದು ಎಂದು ನೂರಾರು ಜನ ದೂರಿದರು. ಅವರಿಗೆ ಸಿಕ್ಕಿದ್ದು ಮುಂದಿನ ಪ್ರಯಾಣದಲ್ಲಿ 25% ರಿಯಾಯಿತಿ. ಬಹುಕಾಲ ನಿಂತಿದ್ದ ಹಳೇ ಹಡಗನ್ನು ಹೊಸ ಹೆಸರಿನಲ್ಲಿ ಓಡಿಸುವ ಪ್ರಯಾಣಗಳ ಬಗ್ಗೆಯೂ ಹುಷಾರು. 2024ರ ಮೇ ಕೊನೆಗೆ ಬೆಲ್‌ಫಾಸ್ಟ್‌ನಿಂದ ಜಗತ್ತು ಸುತ್ತಲು ಹೊರಡಬೇಕಿದ್ದ ಅಂಥ ಒಂದು ಹಡಗು, ಚುಕ್ಕಾಣಿ ಮತ್ತು ಗೇರ್‌ಬಾಕ್ಸ್ ಕೆಲಸಕ್ಕೆಂದು ನಾಲ್ಕು ತಿಂಗಳು ಅಲ್ಲೇ ನಿಂತಿತು.

ಹಡಗು ಹತ್ತಿದ ಮೇಲೆ ಕ್ಯಾಬಿನ್ ಟಿವಿಯಲ್ಲಿ ನಕ್ಷೆ ತೋರಿಸುವ ಚಾನೆಲ್ ಹಾಕಿ. ಮೂಲೆಯಲ್ಲಿ ವೇಗ ನಾಟ್‌ಗಳಲ್ಲಿ ಇರುತ್ತದೆ. ಮುಂದಿನ ಬಂದರಿಗಿರುವ ದೂರವನ್ನು ಉಳಿದ ಗಂಟೆಗಳಿಂದ ಭಾಗಿಸಿ. 19 ಬರಬೇಕಾದ ಕಡೆ ಹಡಗು ಶಾಂತ ಸಮುದ್ರದಲ್ಲೂ ಇಡೀ ದಿನ 15-16ರಲ್ಲೇ ಹೋಗುತ್ತಿದ್ದರೆ, ಹಾಳೆ ಬರುವ ಮೊದಲೇ ವಿಷಯ ಗೊತ್ತಾಗುತ್ತದೆ. ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ. ಹೊರಗಿನವರ ಹತ್ತಿರ ಬುಕ್ ಮಾಡಿದ ಸೀಪ್ಲೇನ್, ತಿಮಿಂಗಿಲ ನೋಡುವ ದೋಣಿ ಇದ್ದರೆ ಆಗಲೇ ಮೆಸೇಜ್ ಹಾಕಿ. ಹಡಗಿನವರಿಂದಲೇ ಕೊಂಡ ಸುತ್ತಾಟದ ಹಣ ತಾನಾಗೇ ವಾಪಸ್ ಬರುತ್ತದೆ. ಹೊರಗಿನದಕ್ಕೆ ‘ಹಡಗು ಬಾರದಿದ್ದರೆ ಪೂರ್ತಿ ಹಣ ವಾಪಸ್’ ಎಂಬ ಮಾತು ಬರಹದಲ್ಲಿ ಇರಬೇಕು.

ವೀಸಾ ವಿಚಾರ ಎಲ್ಲಕ್ಕಿಂತ ಗಂಭೀರ. ಮಾರ್ಗ ಬದಲಾದರೆ ದೇಶವೂ ಬದಲಾಗಬಹುದು. ಟೆಕ್ಸಸ್, ಫ್ಲೋರಿಡಾ ಕಡೆಯಿಂದ ಮೆಕ್ಸಿಕೊಕ್ಕೆಂದು ಹೊರಟ ಹಡಗು ಬಹಾಮಾಸ್‌ಗೆ ತಿರುಗುವುದುಂಟು. ಅವಧಿ ಮುಗಿದ ಎಚ್-1ಬಿ ಕೆಲಸದ ವೀಸಾ ಸ್ಟಾಂಪ್ ಇರುವವರು ಚಾಲ್ತಿಯಲ್ಲಿರುವ ಐ-94, ಅಂದರೆ ಅಮೆರಿಕ ಪ್ರವೇಶದ ದಾಖಲೆ, ತೋರಿಸಿ 30 ದಿನದೊಳಗೆ ವಾಪಸ್ ಬರಬಹುದಾದದ್ದು ಕೆನಡಾ, ಮೆಕ್ಸಿಕೊದಿಂದ ಮಾತ್ರ. ಕೆರಿಬಿಯನ್ ದ್ವೀಪಗಳಿಗೂ ಈ ಸವಲತ್ತು ಇರುವುದು ವಿದ್ಯಾರ್ಥಿಗಳ ಎಫ್ ಮತ್ತು ವಿನಿಮಯ ಕಾರ್ಯಕ್ರಮದ ಜೆ ವೀಸಾದವರಿಗೆ. ಮೆಕ್ಸಿಕೊ ತಾನೇ ಎಂದು ಹಳೇ ಸ್ಟಾಂಪ್‌ನಲ್ಲಿ ಹೊರಟರೆ, ಕೆಟ್ಟ ಪಾಡ್ ನಿಮ್ಮ ಕೆಲಸಕ್ಕೇ ಕುತ್ತು ತಂದೀತು. ಹೊಸ ಸ್ಟಾಂಪ್ ಆಗುವವರೆಗೆ ಹಡಗು ಹತ್ತಬೇಡಿ. ಯೂರೋಪು, ಸಿಂಗಪುರದ ಕ್ರೂಸ್‌ಗಳಿಗೆ ಒಂದೇ ಪ್ರವೇಶದ ವೀಸಾ ಸಾಲದೇ ಹೋಗಬಹುದು, ಬಹುಪ್ರವೇಶದ್ದೇ ಇರಲಿ.

ಇನ್ನು ಕರೆಂಟ್ ಹೋಗುವುದು. ಅಪರೂಪ, ಆದರೆ ಹೋದರೆ ಭಾರಿ ಪಾಡು. ತುರ್ತು ಜನರೇಟರ್ 45 ಸೆಕೆಂಡ್‌ನಲ್ಲಿ ಶುರುವಾಗಿ 36 ಗಂಟೆ ನಡೆಯಬೇಕೆಂಬ ನಿಯಮವಿದೆ. ಅದು ದಾರಿಯ ದೀಪ, ಸಂಪರ್ಕ, ಬೆಂಕಿ ಪಂಪ್ ನೋಡಿಕೊಳ್ಳುತ್ತದೆಯೇ ಹೊರತು ಎಸಿ, ಅಡುಗೆಮನೆ, ಕ್ಯಾಬಿನ್ ಶೌಚಾಲಯವನ್ನಲ್ಲ. 2013ರ ಫೆಬ್ರವರಿ 10ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಕಾರ್ನಿವಲ್ ಟ್ರಯಂಫ್ ಹಡಗಿನ ಜನರೇಟರ್‌ನ ಇಂಧನದ ಮೆತುಕೊಳವೆ ಸೋರಿ ಬೆಂಕಿ ಹತ್ತಿತು. ನಾಲ್ಕು ದಿನಕ್ಕೆಂದು ಹೊರಟ 4,000ಕ್ಕೂ ಹೆಚ್ಚು ಜನ, ಹಡಗನ್ನು ಅಲಬಾಮಾದ ಮೊಬೈಲ್ ಬಂದರಿಗೆ ಎಳೆದು ತರುವ 14ನೇ ತಾರೀಖಿನವರೆಗೆ ಕೆಟ್ಟ ಶೌಚಾಲಯಗಳ ನಡುವೆ, ಡೆಕ್ ಮೇಲೆ ಮಲಗಿ ದಿನ ಕಳೆದರು. 2010ರ ಜುಲೈ 1ರ ನಂತರ ಕಟ್ಟಿದ ದೊಡ್ಡ ಹಡಗುಗಳು ಒಂದು ಭಾಗ ಬೆಂಕಿಗೆ ಹೋದರೂ ತಾವಾಗಿಯೇ ಬಂದರು ಸೇರುವಂತಿರಬೇಕು, ಒಳಗಿನವರಿಗೆ ನೀರು, ಆಹಾರ, ಶೌಚದ ಕನಿಷ್ಠ ವ್ಯವಸ್ಥೆ ಉಳಿಯಬೇಕು ಎಂಬ ನಿಯಮ ಬಂದಿದೆ. ಸಾಧ್ಯವಾದರೆ ಅಂಥದ್ದನ್ನೇ ಆರಿಸಿ. ಆದರೂ ನಿರ್ವಹಣೆ ಸಡಿಲವಾದರೆ ವಿನ್ಯಾಸ ಕಾಪಾಡುವುದಿಲ್ಲ. 2017ರ ವೈಕಿಂಗ್ ಸ್ಕೈ ಹಡಗಿನ ನಾಲ್ಕು ಜನರೇಟರ್‌ಗಳಲ್ಲಿ ಒಂದು ಮೊದಲೇ ಕೆಟ್ಟಿತ್ತು, ಉಳಿದವುಗಳಲ್ಲಿ ಲೂಬ್ರಿಕೇಷನ್ ಆಯಿಲ್ ಮಟ್ಟ ಕಡಿಮೆಯಿತ್ತು. 2019ರ ಮಾರ್ಚ್ 23ರ ಬಿರುಗಾಳಿಯಲ್ಲಿ ಹಡಗು ಹೊಯ್ದಾಡಿದಾಗ ಪಂಪ್‌ಗಳಿಗೆ ಎಣ್ಣೆ ಸಿಗದೆ ಎಂಜಿನ್‌ಗಳು ನಿಂತವು. ನಾರ್ವೆಯ ಬಂಡೆಗಳ ಹತ್ತಿರ ತೇಲಿಹೋಗುತ್ತಿದ್ದ ಹಡಗಿನಿಂದ 479 ಜನರನ್ನು ಹೆಲಿಕಾಪ್ಟರ್‌ನಲ್ಲಿ ಒಬ್ಬೊಬ್ಬರಾಗಿ ಎತ್ತಬೇಕಾಯಿತು.

ಇದಕ್ಕೆ ಕೈಚೀಲದಲ್ಲಿ ಇರಬೇಕಾದದ್ದು ಇಷ್ಟು: ಏಳು ದಿನದ ಪ್ರಯಾಣಕ್ಕೆ ಹದಿನಾಲ್ಕು ದಿನದ ಬಿಪಿ, ಶುಗರ್ ಮಾತ್ರೆ, ಇನ್ಸುಲಿನ್‌ಗೆ ನೀರಲ್ಲಿ ನೆನೆಸಿ ತಂಪಾಗುವ ಚೀಲ, ತಲೆಗೊಂದು ಟಾರ್ಚ್, ಪವರ್ ಬ್ಯಾಂಕ್‌ನಲ್ಲಿ ಓಡುವ ಚಿಕ್ಕ ಫ್ಯಾನ್. ಸಸ್ಯಾಹಾರಿಗಳಿಗೆ ತೊಂದರೆ ಹೆಚ್ಚು, ಒಲೆ ಉರಿಯದಿದ್ದಾಗ ಬರುವುದು ತಣ್ಣನೆ ಸ್ಯಾಂಡ್‌ವಿಚ್ ಮಾತ್ರ. ಬಿಸಿನೀರು ಹಾಕುವ ದಿಢೀರ್ ಉಪ್ಪಿಟ್ಟು ಆಗ ಕೆಲಸಕ್ಕೆ ಬರುವುದಿಲ್ಲ. ಪ್ಯಾಕೆಟ್ ಒಡೆಯದ ಹುರಿದ ಅವಲಕ್ಕಿ, ಕೋಡುಬಳೆ, ಶೇಂಗಾ ಚಿಕ್ಕಿ ಇಟ್ಟುಕೊಳ್ಳಿ. ಕೆಟಲ್, ರೈಸ್ ಕುಕ್ಕರ್, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ತರಬೇಡಿ, ಬೆಂಕಿಯ ಭಯಕ್ಕೆ ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.

ಹಡಗಿನ ಶೌಚಾಲಯ ಗಾಳಿಯ ಎಳೆತದಿಂದ ನಡೆಯುತ್ತದೆ. ಗುಂಡಿ ಒತ್ತಿದಾಗ ‘ಭುಸ್’ ಎಂದು ಎಳೆಯದೆ ಸುಮ್ಮನಿದ್ದರೆ ಮತ್ತೆ ಮತ್ತೆ ಒತ್ತಬೇಡಿ. ಪೈಪಿನಲ್ಲಿ ಎಳೆತವೇ ಇಲ್ಲವೆಂದು ಅರ್ಥ. ಯಾರೋ ಒಬ್ಬರು ವೆಟ್ ವೈಪ್ ಹಾಕಿದರೆ ಅದೇ ಸಾಲಿನ ಮೇಲೆ ಕೆಳಗಿನ ಕ್ಯಾಬಿನ್‌ಗಳೆಲ್ಲ ಒಟ್ಟಿಗೆ ಕಟ್ಟುತ್ತವೆ. ಹಡಗಿನ ಇನ್ನೊಂದು ತುದಿಯ ಸಾರ್ವಜನಿಕ ಶೌಚಾಲಯ ಸಾಮಾನ್ಯವಾಗಿ ಬೇರೆ ಸಾಲಿನದು, ಅಲ್ಲಿಗೆ ಹೋಗಿ. ಪೈಪ್ ಒಡೆದು ಕಾರ್ಪೆಟ್ ನೆನೆದರೆ ಸೂಟ್‌ಕೇಸ್ ಮೊದಲು ಮಂಚದ ಮೇಲಿಡಿ, ಫೋಟೊ ತೆಗೆಯಿರಿ, ಆಮೇಲೆ ಫೋನ್ ಮಾಡಿ. ಒಣಗಿಸುವ ಬ್ಲೋವರ್ ರಾತ್ರಿಯಿಡೀ ಕಿವಿಯ ಹತ್ತಿರ ಬಡಿದುಕೊಳ್ಳುತ್ತದೆ, ಬೇರೆ ಕ್ಯಾಬಿನ್ ಬೇಕೆಂದು ಆಗಲೇ ಕೇಳಿ. ಮಂಡಿನೋವಿನ ಹಿರಿಯರಿದ್ದರೆ ಲಿಫ್ಟ್ ಕೆಟ್ಟ ದಿನವನ್ನೂ ಯೋಚಿಸಿ, ಊಟದ ಡೆಕ್‌ಗೆ ಎರಡು ಮೂರು ಮಹಡಿಯೊಳಗೆ, ನಡುಭಾಗದಲ್ಲಿ ಕ್ಯಾಬಿನ್ ತೆಗೆದುಕೊಳ್ಳಿ.

ವಿಮೆ ಕೊಳ್ಳುವಾಗ ಎರಡು ಪದ ಹುಡುಕಿ: ವಾಹನದ ಯಾಂತ್ರಿಕ ವೈಫಲ್ಯ, ತಪ್ಪಿದ ಬಂದರು. ಸಾಮಾನ್ಯ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಎರಡನೆಯದು ಬಹುತೇಕ ಇರುವುದಿಲ್ಲ. ಹಡಗು ಕೆಟ್ಟ ಸುದ್ದಿ ಹೊರಬಿದ್ದ ಮೇಲೆ ಕೊಂಡ ಪಾಲಿಸಿಗೆ ಆ ತೊಂದರೆಗೆ ಹಣ ಬರುವುದಿಲ್ಲ, ಅಡ್ವಾನ್ಸ್ ಕಟ್ಟಿದ ವಾರದಲ್ಲೇ ಕೊಳ್ಳಿ. ಇಳಿಯುವ ಹಿಂದಿನ ದಿನ ಗೆಸ್ಟ್ ಸರ್ವಿಸ್‌ನಲ್ಲಿ ಕಾರಣ, ತಾರೀಖು, ಬಿಟ್ಟ ಬಂದರಿನ ಹೆಸರು ಇರುವ ಪತ್ರ ಕೇಳಿ ಪಡೆಯಿರಿ. ಹಾಳೆಯನ್ನೂ ಎಸೆಯಬೇಡಿ. ಕೊಡುವ ಆನ್‌ಬೋರ್ಡ್ ಕ್ರೆಡಿಟ್, ಅಂದರೆ ಹಡಗಿನಲ್ಲಿ ಖರ್ಚು ಮಾಡಲು ಖಾತೆಗೆ ಹಾಕುವ ಮೊತ್ತ, ನಗದಾಗುತ್ತದೆಯೇ ಎಂದು ಕೇಳಿ. ಆಗದಿದ್ದರೆ ಕೊನೆಯ ರಾತ್ರಿಯೊಳಗೆ ಟಿಪ್ಸ್‌ಗೋ ವೈಫೈಗೋ ಹೊಂದಿಸಿ. ‘ಇದರೊಂದಿಗೆ ಲೆಕ್ಕ ಮುಗಿಯಿತು’ ಎನ್ನುವ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ. ವಾಪಸ್ ವಿಮಾನ ಇಳಿಯುವ ದಿನವೇ ಬೇಡ, ಮಾರನೇ ದಿನಕ್ಕೆ ಇಟ್ಟುಕೊಳ್ಳಿ.

ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಏಜೆಂಟ್ ಮೂಲಕ ಹೋಗುವವರು ಜಿಎಸ್‌ಟಿ ಬಿಲ್ ಬಿಡದೆ ತೆಗೆದುಕೊಳ್ಳಿ, ಬಿಲ್‌ನಲ್ಲಿ ಬಂದರುಗಳ ಹೆಸರು ಬರೆಸಿ. ಕಂಪನಿಯ ಒಪ್ಪಂದ ವಿದೇಶದ ಕೋರ್ಟಿಗೆ ಹೋಗಿ ಎನ್ನುತ್ತದೆ, ದೂರಿಗೆ ಗಡುವನ್ನೂ ಹಾಕಿರುತ್ತದೆ. ಏಜೆಂಟ್ ಮೇಲಿನ ದೂರನ್ನಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ, ಏಜೆಂಟ್‌ಗೆ ಕಳಿಸುವ ಇಮೇಲ್‌ನ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ.