ತಂಬೂರಿ ಪೆಡಲಿಗೆ ಯಾವುದು ವಾಸಿ: ಡೇಸಿ ಸೀಡ್, ಎಫ್‌ವಿ-1, ಟೀನ್ಸಿ

ಗಿಟಾರಿನ ಸದ್ದನ್ನು ಬದಲಿಸುವ ಕಾಲಡಿಯ ಡಬ್ಬಿ, ಅಂದರೆ ಎಫೆಕ್ಟ್ ಪೆಡಲ್, ಕಟ್ಟಲು ಡೇಸಿ ಸೀಡ್, ಟೀನ್ಸಿ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡುಗಳಿವೆ, ಎಫ್‌ವಿ-1 ಎಂಬ ಆಡಿಯೋ ಚಿಪ್ ಇದೆ. ಮೂರನ್ನೂ ಸ್ವಂತ ದುಡ್ಡಲ್ಲಿ ಕೊಂಡು, ಮೂರರ ಮೇಲೂ ಒಂದೇ ಎಫೆಕ್ಟ್ ಬರೆದು ನೋಡಿದ್ದೇನೆ. ಈಗ ಪೆಡಲಿನ ಡಬ್ಬಿಯೊಳಗೆ ಕೂತಿರುವುದು ಡೇಸಿ ಸೀಡ್. ಉಳಿದೆರಡು ಕೆಟ್ಟವೇನಲ್ಲ, ಅದರಲ್ಲೂ ಎಫ್‌ವಿ-1 ಚಿಪ್ ಬಗ್ಗೆ ನನಗೆ ತುಂಬಾ ಗೌರವ. ಆದರೆ ಇರುವ ಡಿಲೇ (ಸದ್ದನ್ನು ತಡೆದು ಮತ್ತೆ ಕೇಳಿಸುವುದು), ರಿವರ್ಬ್‌ಗಳನ್ನೇ (ಗುಂಗು ಹುಟ್ಟಿಸುವುದು) ಇನ್ನೊಂದು ಬಣ್ಣದ ಡಬ್ಬಿಗೆ ತುಂಬುವುದು ಬೇರೆ, ತಲೆಯಲ್ಲಿರುವ ಹೊಸ ಸದ್ದನ್ನು ಕಿವಿಗೆ ತರುವುದು ಬೇರೆ. ಎರಡನೆಯದಕ್ಕೆ ಡೇಸಿಯಷ್ಟು ಕೈಗೂಡಿದ್ದು ನನಗೆ ಬೇರೆ ಸಿಗಲಿಲ್ಲ.

ಯಾವ ಸದ್ದು ಅನ್ನುವುದನ್ನು ಹೇಳದೆ ಹೋಲಿಕೆಗೆ ಅರ್ಥವಿಲ್ಲ. ಸಿತಾರಿನಂತೆ ಕೇಳಿಸುವ ಪೆಡಲ್‌ಗಳು ಮಾರುಕಟ್ಟೆಯಲ್ಲಿವೆ. ನನಗೆ ಬೇಕಿದ್ದದ್ದು ಅದಲ್ಲ. ಗಿಟಾರ್ ಮೀಟಿದಾಗ ಅದರ ಬೆನ್ನಿಗೆ ತಂಬೂರಿಯೊಂದು ತಾನಾಗಿ ಮಿಡಿಯಬೇಕು. ನುಡಿಸುವುದು ನಿಲ್ಲಿಸಿದರೆ ನಿಧಾನವಾಗಿ ಅಡಗಬೇಕು. ತಂಬೂರಿಯ ಕುದುರೆ (ತಂತಿಗಳು ಕೂರುವ ಬ್ರಿಜ್) ಗಿಟಾರಿನದರಂತೆ ಚೂಪಲ್ಲ, ಅಗಲವಾಗಿ ನವಿರಾಗಿ ಬಾಗಿರುತ್ತದೆ. ತಂತಿಯ ಕೆಳಗೆ ನೂಲಿನ ಎಳೆ ಸರಿಸಿ ಜವಾರಿ, ಅಂದರೆ ಆ ಝೇಂಕಾರ, ಕೂರಿಸುತ್ತಾರೆ. ತಂತಿ ಕಂಪಿಸುವಾಗ ಕುದುರೆಗೆ ತಾಕುವ ಜಾಗ ಕ್ಷಣಕ್ಷಣಕ್ಕೂ ಹಿಂದೆ ಮುಂದೆ ಸರಿಯುತ್ತದೆ. ಅಂದರೆ ತಂತಿಯ ಉದ್ದವೇ ಬದಲಾಗುತ್ತಿರುತ್ತದೆ, ಶಕ್ತಿ ಮೇಲಿನ ಹಾರ್ಮೋನಿಕ್‌ಗಳಿಗೆ (ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಸ್ವರಗಳಿಗೆ) ಹರಿಯುತ್ತದೆ. ಸಿ.ವಿ. ರಾಮನ್ 1921ರಲ್ಲಿ ವೀಣೆ, ತಂಬೂರಿಗಳ ಮೇಲೆ ಬರೆದ ಪ್ರಬಂಧದಲ್ಲಿ ಇದನ್ನೇ ಎತ್ತಿ ತೋರಿಸಿದರು: ತಂತಿಯನ್ನು ಎಲ್ಲಿ ಮೀಟಿದರೆ ಒಂದು ಹಾರ್ಮೋನಿಕ್ ಹುಟ್ಟಲೇಬಾರದೋ, ಅಲ್ಲಿ ಮೀಟಿದರೂ ಈ ವಾದ್ಯಗಳಲ್ಲಿ ಅದು ಜೋರಾಗಿಯೇ ಕೇಳುತ್ತದೆ.

ಇದನ್ನು ಕೋಡಿಗೆ ಇಳಿಸಿದರೆ ಒಂದು ತಂತಿಗೆ ಒಂದು ಡಿಲೇ ಲೂಪ್: ಸದ್ದನ್ನು ಕ್ಷಣ ತಡೆದು ಮತ್ತೆ ಮತ್ತೆ ಸುತ್ತಿಸುವುದು. ಆ ಲೂಪಿನ ಉದ್ದವನ್ನು ಒಳಗೆ ಸುತ್ತುತ್ತಿರುವ ಅಲೆಯೇ ಕುಗ್ಗಿಸಿ ಹಿಗ್ಗಿಸಬೇಕು. ಪಂಚಮ, ಎರಡು ಸಾರಣಿ (ಮಧ್ಯ ಷಡ್ಜದ ತಂತಿ), ಮಂದ್ರ ಷಡ್ಜ ಎಂದು ಒಟ್ಟು ನಾಲ್ಕು ಲೂಪ್. ನಾನು ಡಿ ಶ್ರುತಿಗೆ ಕೂರಿಸಿಕೊಂಡೆ. ಮೂರು ಬೋರ್ಡುಗಳಿಗೂ ಕೊಟ್ಟ ಪರೀಕ್ಷೆ ಇದೊಂದೇ.

ಎಫ್‌ವಿ-1 ಮಾಡಿದವರು ಕೀತ್ ಬಾರ್. ಎಂಎಕ್ಸ್ಆರ್ ಎಂಬ ಪೆಡಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರು, ಆಮೇಲೆ ಅಲೆಸಿಸ್ ಎಂಬ ಆಡಿಯೋ ಕಂಪನಿ ಕಟ್ಟಿದವರು. ಪೆಡಲ್ ಲೋಕ ಗೊತ್ತಿರುವವರ ಕೈಯಿಂದ ಬಂದ ಚಿಪ್ ಎಂಬುದು ಪ್ರತಿ ಇಂಚಿನಲ್ಲೂ ಕಾಣುತ್ತದೆ. ಆಡಿಯೋ ಒಳಬರುವ, ಹೊರಹೋಗುವ ಕನ್ವರ್ಟರ್‌ಗಳೂ ಮೂರು ನಾಬ್‌ಗಳಿಗೆ ಪಿನ್ನುಗಳೂ ಅದರೊಳಗೇ ಇವೆ. ಗಡಿಯಾರದ 32.768 ಕಿಲೋಹರ್ಟ್ಸ್ ಕ್ರಿಸ್ಟಲ್ ಹಾಕಿದರೆ ಸರಿಯಾಗಿ ಒಂದು ಸೆಕೆಂಡ್ ಡಿಲೇ ಮೆಮೊರಿ. ರಿವರ್ಬ್ ಬರೆಯಲು ಕೂತರೆ ಹತ್ತು ಹದಿನೈದು ಸಾಲಿನಲ್ಲೇ ದೇವಸ್ಥಾನದ ಪ್ರಾಕಾರದಂಥ ಗುಂಗು ಬಂದುಬಿಡುತ್ತದೆ. ಸ್ಯಾಂಪಲ್ (ಸದ್ದಿನ ಒಂದು ಕ್ಷಣದ ಅಳತೆ) ಒಂದೊಂದಾಗಿ ನಡೆಯುವ ಚಿಪ್ ಆದ್ದರಿಂದ ತಡ ಎನ್ನುವುದೂ ಹೆಚ್ಚುಕಮ್ಮಿ ಇಲ್ಲ.

ಆದರೆ ಒಂದು ಸ್ಯಾಂಪಲಿಗೆ 128 ಆದೇಶ, ಅಷ್ಟೇ. ಲೂಪ್ ಇಲ್ಲ, ಹಿಂದಕ್ಕೆ ಹಾರುವಂತಿಲ್ಲ. ಡಿಲೇಯ ಎರಡು ಸ್ಯಾಂಪಲ್‌ಗಳ ನಡುವಿನ ಬೆಲೆ ಬೇಕೆಂದರೆ, ಒಳಗಿನ ಎಲ್‌ಎಫ್‌ಒ (ನಿಧಾನವಾಗಿ ಏರಿಳಿಯುವ ಅಲೆ ಹುಟ್ಟಿಸುವ ಭಾಗ) ಹಿಡಿದು ಓದುವಾಗ ಕೆಲಸ ಸಲೀಸು. ನನ್ನ ತಂತಿಯನ್ನು ಸರಿಸಬೇಕಾದದ್ದು ಎಲ್‌ಎಫ್‌ಒ ಅಲ್ಲ, ತಂತಿಯ ಅಲೆಯೇ. ಹಾಗೆ ಪಾಯಿಂಟರ್ (ಮೆಮೊರಿಯಲ್ಲಿ ಓದುವ ಜಾಗದ ಗುರುತು) ಮೂಲಕ ಓದಿದರೆ ಇಡೀ ಸ್ಯಾಂಪಲ್ ಮಾತ್ರ ಸಿಗುತ್ತದೆ. ಡಿ ಸಾರಣಿಗೆ ಸುಮಾರು 223 ಸ್ಯಾಂಪಲ್ ಉದ್ದ. ಅಲ್ಲಿ ಒಂದೇ ಒಂದು ಸ್ಯಾಂಪಲ್ ಸರಿದರೆ ಶ್ರುತಿ ಹತ್ತಿರ ಹತ್ತಿರ 8 ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಜಿಗಿಯುತ್ತದೆ. ಜವಾರಿಯ ಝೇಂಕಾರದ ಬದಲು ಕರಕರ. ಭಿನ್ನಾಂಶವನ್ನು ಕೈಯಾರೆ ಲೆಕ್ಕ ಹಾಕಿ ಬೆರೆಸಬಹುದು, ಬೆರೆಸಿದೆ ಕೂಡ. ಎರಡು ತಂತಿ ಚೆಂದವಾಗಿ ಮಿಡಿದವು. ಮೂರನೆಯದಕ್ಕೆ ಉಸಿರು ಕಟ್ಟಿತು, ನಾಲ್ಕನೆಯದಕ್ಕೆ ಜಾಗವೇ ಇರಲಿಲ್ಲ. ಎರಡು ತಂತಿಯದನ್ನು ತಂಬೂರಿ ಎನ್ನಲು ನನಗೆ ಮನಸ್ಸು ಬರಲಿಲ್ಲ.

ಕೊಳ್ಳುವವರಿಗೆ ಒಂದು ಮಾತು: ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ನಾನು ತರಿಸಿದ ಮೊದಲ ಚಿಪ್ ಮಿಸುಕಲೇ ಇಲ್ಲ. ನಂಬಿಕಸ್ಥರಿಂದಲೇ ತರಿಸಿ. ಇಪ್ಪತ್ತೆಂಟು ಸಣ್ಣ ಕಾಲುಗಳನ್ನು ಬೆಸುಗೆ ಹಾಕಿ ಆಮೇಲೆ ಕೀಳುವುದು ಯಾರಿಗೂ ಬೇಡ.

ಟೀನ್ಸಿ 4.1 ಬಗ್ಗೆ ಚುಟುಕಾಗಿ ಹೇಳುತ್ತೇನೆ. 600 ಮೆಗಾಹರ್ಟ್ಸ್, ಕಸುವಿಗೆ ಕೊರತೆಯಿಲ್ಲ. ಬ್ರೌಸರಿನಲ್ಲೇ ಡಬ್ಬಗಳನ್ನು ಎಳೆದು ಗೆರೆ ಜೋಡಿಸಿ ಎಫೆಕ್ಟ್ ಕಟ್ಟಬಹುದು. ಕೋಡ್ ಎಂದರೆ ಹೆದರುವ ಗಿಟಾರಿಸ್ಟ್‌ಗಳಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ನನ್ನ ಕೆಲಸಕ್ಕೆ ಅಡ್ಡ ಬಂದದ್ದು ಅದರ 128 ಸ್ಯಾಂಪಲಿನ ಬ್ಲಾಕ್, ಅಂದರೆ ಒಂದೇ ಸಲಕ್ಕೆ ಲೆಕ್ಕ ಹಾಕುವ ಸ್ಯಾಂಪಲ್‌ಗಳ ಗುಂಪು. ಗೆರೆ ಎಳೆದು ಫೀಡ್‌ಬ್ಯಾಕ್ ಕೊಟ್ಟರೆ (ಹೊರಬಂದ ಸದ್ದನ್ನು ಮತ್ತೆ ಒಳಕ್ಕೆ ತಿರುಗಿಸಿದರೆ) ಆ ಸುತ್ತಿಗೆ ಒಂದು ಬ್ಲಾಕ್, ಅಂದರೆ 2.9 ಮಿಲಿಸೆಕೆಂಡ್, ಕಡ್ಡಾಯ. ಅದಕ್ಕಿಂತ ಚಿಕ್ಕ ತಂತಿಯನ್ನು ಕಟ್ಟಲಾಗದು: 344 ಹರ್ಟ್ಸ್‌ಗೆ, ಗಿಟಾರಿನ ಮೊದಲ ತಂತಿಯ ಸ್ವಲ್ಪವೇ ಮೇಲೆ, ಬೇಲಿ ಬೀಳುತ್ತದೆ. ನಾವೇ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದರೆ ಬೇಲಿ ದಾಟಬಹುದು. ಹಾಗೆ ಬರೆಯುವುದೇ ಆದರೆ ನನಗೆ ಡೇಸಿಯೇ ಇಷ್ಟ.

ಡೇಸಿ ಸೀಡ್‌ನಲ್ಲಿ ನಾಲ್ಕು ತಂತಿಯೂ ಮೊದಲ ಸಂಜೆಯೇ ಮಿಡಿದವು. 480 ಮೆಗಾಹರ್ಟ್ಸ್ ಪ್ರೊಸೆಸರ್, 64 ಎಂಬಿ ಮೆಮೊರಿ: ಡಿಲೇಗೆ ಐದು ನಿಮಿಷಕ್ಕೂ ಹೆಚ್ಚು ಜಾಗ. ಭಿನ್ನಾಂಶ ಬೆರೆಸುವುದು ಒಂದು ಸಾಲು. ಬೂಟ್ ಗುಂಡಿ ಒತ್ತಿ ಹಿಡಿದು ರೀಸೆಟ್ ಒತ್ತಿ, ಯುಎಸ್‌ಬಿಯಲ್ಲಿ ಹೊಸ ಕೋಡ್ ಇಳಿಸಿ, ಗಿಟಾರ್ ಮೀಟಿ ನೋಡುವುದು. ಕುದುರೆಯ ಬಾಗನ್ನು ಒಂದು ಅಂಕಿಯಲ್ಲಿ ಬದಲಿಸಿ, ಕೇಳಿ, ಮತ್ತೆ ಬದಲಿಸುವುದು. ಜವಾರಿ ಕೂರಿಸುವವರು ನೂಲನ್ನು ಕೂದಲೆಳೆಯಷ್ಟು ಸರಿಸಿ ಕೇಳುವ ಹಾಗೆಯೇ ಇದು. ಅಷ್ಟು ಬೇಗ ಕಿವಿಗೆ ಬಂದರೆ ಮಾತ್ರ ಕಿವಿ ತೀರ್ಪು ಕೊಡುತ್ತದೆ.

ಇನ್ನು ನನ್ನನ್ನು ಸತಾಯಿಸಿದ ವಿಷಯ. ಪೆಡಲ್ ಆದಮೇಲೆ ಡಿಸ್ಟಾರ್ಶನ್ (ಸದ್ದನ್ನು ಒಡೆಸುವ ಎಫೆಕ್ಟ್) ಹಾಕಿ ಗೇನ್ ಏರಿಸಿದ ಕೂಡಲೇ ಹಿಂದಿನಿಂದ ಕುಯ್ ಎಂಬ ಸಣ್ಣ ಕೀರಲು. ಟ್ಯೂನರ್ ಹಿಡಿದೆ: ಸರಿಯಾಗಿ 1000 ಹರ್ಟ್ಸ್. ಡಿ ಶ್ರುತಿಯಲ್ಲಿ ಅದು ಚತುಶ್ರುತಿ ಧೈವತ, ಕೊಂಚ ಏರಿದ್ದು. ಧೈವತವೇ ಇಲ್ಲದ ಹಂಸಧ್ವನಿ ನುಡಿಸುವಾಗ ಒಂದು ಸೊಟ್ಟ ಧೈವತ ಬಿಡದೆ ಕೂಗುತ್ತಿದ್ದರೆ ಕೈ ಮುಂದಕ್ಕೆ ಹೋಗುವುದಿಲ್ಲ.

ಅಡಾಪ್ಟರ್ ತೆಗೆದು 9 ವೋಲ್ಟ್ ಬ್ಯಾಟರಿ ಹಾಕಿದೆ, ಕೀರಲು ಅಲ್ಲೇ. ಗಿಟಾರಿನ ವಾಲ್ಯೂಮ್ ಸೊನ್ನೆಗಿಳಿಸಿದೆ, ಅಲ್ಲೇ. ಕೊನೆಗೆ ಕೋಡಿನಲ್ಲಿ ಬ್ಲಾಕಿನ ಅಳತೆ 48 ಇದ್ದದ್ದನ್ನು 24 ಮಾಡಿದೆ. ಕೀರಲು ಸರಿಯಾಗಿ ಒಂದು ಸ್ಥಾಯಿ ಮೇಲೇರಿತು! 96 ಮಾಡಿದರೆ ಒಂದು ಸ್ಥಾಯಿ ಕೆಳಗಿಳಿಯಿತು. ಕಳ್ಳ ಸಿಕ್ಕಿದ್ದು ಅಲ್ಲಿ.

ನಡೆಯುವುದು ಇಷ್ಟು. ಸೆಕೆಂಡಿಗೆ 48,000 ಸ್ಯಾಂಪಲ್, ಬ್ಲಾಕಿಗೆ 48. ಅಂದರೆ ಪ್ರೊಸೆಸರ್ ಸೆಕೆಂಡಿಗೆ ಸಾವಿರ ಸಲ ಎದ್ದು ಲೆಕ್ಕ ಮಾಡಿ ಸುಮ್ಮನಾಗುತ್ತದೆ. ಎದ್ದಾಗ ಹೆಚ್ಚು ಕರೆಂಟ್, ಸುಮ್ಮನಾದಾಗ ಕಡಿಮೆ. ಆ ಏರಿಳಿತ ಗಿಟಾರಿನ ಇನ್‌ಪುಟ್ ಬಫರ್ (ಗಿಟಾರಿನ ಸಿಗ್ನಲನ್ನು ಮೊದಲು ಹಿಡಿದುಕೊಳ್ಳುವ ಪುಟ್ಟ ಸರ್ಕ್ಯೂಟ್) ಇರುವ ಗ್ರೌಂಡ್ ತಂತಿಯಲ್ಲೇ ಹರಿದರೆ, ಅದೇ ಒಂದು ಸ್ವರವಾಗಿ ಆಡಿಯೋಗೆ ಇಳಿಯುತ್ತದೆ. ಇದನ್ನು ಒಂದು ಬೋರ್ಡಿನ ದೋಷವೆನ್ನಲಾಗದು. ಬ್ಲಾಕ್ ಲೆಕ್ಕದಲ್ಲಿ ನಡೆಯುವ ಯಾವುದರಲ್ಲೂ ಆಗಬಹುದು. ಟೀನ್ಸಿಯಲ್ಲಾದರೆ ಅದೇ 344 ಹರ್ಟ್ಸ್. ಸ್ಯಾಂಪಲಿಗೊಂದು ಹೆಜ್ಜೆ ಇಡುವ ಎಫ್‌ವಿ-1ಗೆ ಮಾತ್ರ ಈ ಕಾಟವಿಲ್ಲ.

ಮದ್ದು ಎರಡು ಹಂತದಲ್ಲಿ ಬಂತು. ಬಫರಿನ ಗ್ರೌಂಡ್, ಬೋರ್ಡಿನ ಡಿಜಿಟಲ್ ಗ್ರೌಂಡ್ ಎರಡನ್ನೂ ಬೇರೆ ಬೇರೆ ತಂತಿಯಲ್ಲಿ ತಂದು ಪವರ್ ಜ್ಯಾಕಿನ ಬಳಿ ಒಂದೇ ಕಡೆ ಸೇರಿಸಿದೆ. ಅರ್ಧಕ್ಕಿಂತ ಹೆಚ್ಚು ಸದ್ದು ಅಲ್ಲೇ ಸತ್ತಿತು. ಆಮೇಲೆ ಬ್ಲಾಕನ್ನು 4 ಸ್ಯಾಂಪಲಿಗೆ ಇಳಿಸಿದೆ. ಈಗ ಕೀರಲು 12 ಕಿಲೋಹರ್ಟ್ಸ್‌ನಲ್ಲಿದೆ. ಗಿಟಾರ್ ಆಂಪಿನ ಸ್ಪೀಕರ್ 5-6 ಕಿಲೋಹರ್ಟ್ಸ್ ದಾಟಿದರೆ ಕೈಬಿಡುವುದರಿಂದ ಅದು ಹೊರಗೆ ಬರುವುದೇ ಇಲ್ಲ. ಆಂಪ್ ಇಲ್ಲದೆ ನೇರ ರೆಕಾರ್ಡ್ ಮಾಡುವವರು 2ಕ್ಕೆ ಇಳಿಸಿ, 24 ಕಿಲೋಹರ್ಟ್ಸ್ ಯಾರ ಕಿವಿಗೂ ಬೀಳದು. ಪ್ರೊಸೆಸರ್ ಮೇಲೆ ಭಾರ ಏರುತ್ತದೆ ನಿಜ, ನಾಲ್ಕು ತಂತಿಗೆ ಧಾರಾಳವಾಗಿ ಸಾಲುತ್ತದೆ. ಒಂದು ಎಚ್ಚರ: ನಾಬ್‌ಗಳನ್ನು ನಯಗೊಳಿಸುವ ಫಿಲ್ಟರ್ ಬ್ಲಾಕಿನ ವೇಗದಲ್ಲಿ ಓಡುತ್ತದೆ. ಬ್ಲಾಕ್ ಬದಲಿಸಿದಾಗ ಅದಕ್ಕೂ ಹೊಸ ವೇಗ ತಿಳಿಸಬೇಕು, ಇಲ್ಲದಿದ್ದರೆ ನಾಬ್ ತಿರುಗಿಸಿದಾಗ ಝಿಪ್ ಎನ್ನುತ್ತದೆ.

ಇನ್‌ಪುಟ್ ಬಫರ್ ಮೂರಕ್ಕೂ ನಾವೇ ಕಟ್ಟಬೇಕು. ಟಿಎಲ್072 ಎಂಬ ಆಪ್-ಆಂಪ್ ಚಿಪ್ ಒಂದು, 1 ಮೆಗಾಓಮ್ ರೆಸಿಸ್ಟರ್ ಒಂದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಗಿಟಾರಿನ ಮೂಲ ಸದ್ದನ್ನು ಅನಲಾಗ್ ದಾರಿಯಲ್ಲೇ ಬಿಟ್ಟು ತಂಬೂರಿಯನ್ನು ಮಾತ್ರ ಕೊನೆಗೆ ಬೆರೆಸಿ, ಬೆರಳಿನ ಸ್ಪರ್ಶ ಹಾಗೇ ಉಳಿಯುತ್ತದೆ.

ನಾನು ಕೆಲಸ ಮುಗಿಸಿ ಬಂದು ರಾತ್ರಿ ಒಂದೆರಡು ಗಂಟೆ ಕೂರುವವನು, ಸಿ ಪ್ಲಸ್ ಪ್ಲಸ್ ಕೈಗೆ ಒಗ್ಗಿದೆ, ವಾರಕ್ಕೊಂದು ಹೊಸ ಯೋಚನೆ ಬರುತ್ತದೆ. ಪ್ರತಿ ಯೋಚನೆಗೂ ಹೊಸ ಹಾರ್ಡ್‌ವೇರ್ ಕೊಳ್ಳುವಷ್ಟು ದುಡ್ಡಿಲ್ಲ. ಹಾಗಾಗಿ ಡಬ್ಬಿಯಲ್ಲಿ ಸಾಕೆಟ್ ಹಾಕಿ ಒಂದೇ ಡೇಸಿಯನ್ನು ಡಬ್ಬಿಯಿಂದ ಡಬ್ಬಿಗೆ ಸಾಗಿಸುತ್ತೇನೆ. ಎಫೆಕ್ಟ್ ಪಕ್ಕಾ ಆಗಿ, ಅದು 128 ಆದೇಶದೊಳಗೆ ಹಿಡಿಸುವಂಥದ್ದಾಗಿ, ಹತ್ತಿಪ್ಪತ್ತು ಪೆಡಲ್ ಮಾಡಿ ಮಾರುವ ಯೋಚನೆ ನಿಮಗಿದ್ದರೆ ಎಫ್‌ವಿ-1 ಕಡೆಗೇ ಹೋಗಿ, ಲೆಕ್ಕ ಅಲ್ಲಿ ಕೂಡುತ್ತದೆ. ನನ್ನ ತಂಬೂರಿ ಅದರಲ್ಲಿ ಹಿಡಿಸದು. ಮುಂದೆ ಇದಕ್ಕೆ ಶ್ರುತಿ ಬದಲಿಸುವ ಕಾಲುಗುಂಡಿ ಸೇರಿಸಬೇಕೆಂದಿದ್ದೇನೆ; ಅದೂ ಡೇಸಿಯ ಮೇಲೆಯೇ.