ಅಪ್ಪನ ಹೆಬ್ಬೆಟ್ಟು ಬಿದ್ದ ಆ ಕಾಗದ

ಕೊರಟಗೆರೆ, ಮಧುಗಿರಿ ಕಡೆಯ ನಾಟಿ ವೈದ್ಯರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ತಂದೆ ಕಾಮಾಲೆಗೆ ಔಷಧ ಕೊಡುತ್ತಾರೆ. ಸಿದ್ಧರಬೆಟ್ಟದ ತಪ್ಪಲಿನಿಂದ ಸೊಪ್ಪು ತರುತ್ತಾರೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದವರಿಗೆ ಅರೆದು ಕೊಡುತ್ತಾರೆ, ಪ್ರತಿಫಲವಾಗಿ ಎಲೆ ಅಡಿಕೆಯ ಹೊರತು ಏನನ್ನೂ ಮುಟ್ಟುವುದಿಲ್ಲ. ಹೆಸರು ಹೇಳಿದರೆ ಗುಣ ಹೋಗುತ್ತದೆ ಎಂದು ಸೊಪ್ಪಿನ ಹೆಸರನ್ನು ನನಗೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಬಿಡಿ. ತುಮಕೂರಿನಲ್ಲಿ ನೌಕರಿ ಸಿಕ್ಕವನಿಗೆ ಅದೆಲ್ಲ ಯಾಕೆ ಎಂಬ ಗತ್ತು.

ಎರಡು ವರ್ಷದ ಹಿಂದೆ ಮೂವರು ಬಂದರು. ಒಳ್ಳೆಯ ಮಕ್ಕಳು, ಅಚ್ಚ ಕನ್ನಡ, ಅಪ್ಪನ ಕಾಲಿಗೂ ಬಿದ್ದರು. 'ಕಂಪ್ಯೂಟರಿಗೆ ಕನ್ನಡ ಕಲಿಸುತ್ತಿದ್ದೇವೆ, ನಿಮ್ಮ ವಿದ್ಯೆ ಉಳಿಯಬೇಕು' ಎಂದರು. ವಿದ್ಯೆ ಉಳಿಯಬೇಕು ಎಂಬ ಮಾತಿಗೆ ಅಪ್ಪ ಕರಗಿದರು. ಮಗ ಕೇಳದ್ದನ್ನು ಪರರು ಕೇಳಿದರಲ್ಲ! ಎರಡು ದಿನ ಮಾತು ಮುದ್ರಿಸಿಕೊಂಡು, ಇಂಗ್ಲಿಷಿನ ನಾಲ್ಕು ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು, ಒಂದು ಶಾಲು ಹೊದಿಸಿ ಹೋದರು.

ಈ ವರ್ಷ ಪಕ್ಕದ ಮನೆಯ ಹುಡುಗ, ಕನ್ನಡ ಕಲಿತ ಆ ಯಂತ್ರ ಉತ್ತರ ಕೊಡುವುದನ್ನು ಮೊಬೈಲಿನಲ್ಲಿ ತೋರಿಸಿದ. ಕಾಮಾಲೆಗೆ ಏನು ಮಾಡಬೇಕೆಂದು ಕೇಳಿದರೆ ಸೊಪ್ಪಿನ ಹೆಸರು, ಅಳತೆ, 'ಉಪ್ಪು ಮುಟ್ಟಿದ ಕೈಯಲ್ಲಿ ಅರೆಯಬಾರದು' ಎಂಬ ಅಪ್ಪನದೇ ಮಾತು, ಎಲ್ಲವೂ ಬಂತು. ಬಾರದೇ ಹೋದದ್ದು ಒಂದೇ. ಅಪ್ಪ ಯಾರಿಗೂ ನೋಡಿದ ಕೂಡಲೇ ಔಷಧ ಕೊಡುವವರಲ್ಲ. ಕಣ್ಣು ನೋಡಿ, ಬಸುರಿಯೇ, ಕುಡಿಯುವ ಚಟವಿದೆಯೇ ಎಂದು ವಿಚಾರಿಸಿ, ರಕ್ತಪರೀಕ್ಷೆಗೆ ಅಟ್ಟಿ, ಎಷ್ಟೋ ಜನರನ್ನು 'ಇದು ನನ್ನ ಕೈಲಾಗದು, ಆಸ್ಪತ್ರೆಗೆ ಹೋಗು' ಎಂದು ವಾಪಸು ಕಳಿಸುತ್ತಾರೆ. ಅವರ ವಿದ್ಯೆಯಲ್ಲಿ ಮುಕ್ಕಾಲು ಪಾಲು ಅದೇ. ಯಂತ್ರಕ್ಕೆ ದಕ್ಕಿದ್ದು ಸೊಪ್ಪು ಮಾತ್ರ.

ಅಂದು ಬಂದಿದ್ದವರಿಗೆ ಫೋನ್ ಮಾಡಿ, ಅಪ್ಪನ ಮಾತನ್ನು ತೆಗೆಯಿರಿ ಎಂದೆ. 'ಕಲಿಸಿ ಆಗಿದೆ ಸರ್, ಒಬ್ಬರದನ್ನೇ ಹೆಕ್ಕಿ ತೆಗೆಯಲಾಗದು' ಎಂದರು. ಹಿಟ್ಟಿಗೆ ಬಿದ್ದ ನೀರಿನ ಹಾಗೆ. ಅದು ಸುಳ್ಳೂ ಅಲ್ಲ. ಆ ನಾಲ್ಕು ಹಾಳೆಯನ್ನು ಓದಿಸಿದಾಗ ಸಿಕ್ಕಿದ್ದು: ಎಲ್ಲ ಬಳಕೆಗೆ, ಎಲ್ಲ ಕಾಲಕ್ಕೆ, ಹಿಂತೆಗೆದುಕೊಳ್ಳುವಂತಿಲ್ಲ.

1995ರಲ್ಲಿ ಅಮೆರಿಕದಲ್ಲಿ ಅರಿಶಿನದಿಂದ ಗಾಯ ಮಾಯಿಸುವುದಕ್ಕೂ ಪೇಟೆಂಟ್, ಅಂದರೆ ಒಬ್ಬರಿಗೇ ಸೇರಿದ ಹಕ್ಕು, ಕೊಟ್ಟಿದ್ದರು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೆಯ ಬರಹಗಳನ್ನು ಮುಂದಿಟ್ಟು 1997ರಲ್ಲಿ ರದ್ದು ಮಾಡಿಸಿತು. ಬಾಯಲ್ಲಷ್ಟೇ ಇದ್ದ ಅಪ್ಪನ ವಿದ್ಯೆಗೆ ನಾನು ಯಾವ ಬರಹ ತೋರಿಸಲಿ?

ಯಂತ್ರವೇ ಬೇಡ ಎನ್ನುವವನಲ್ಲ ನಾನು. ನ್ಯೂಜಿಲೆಂಡಿನ ಮೂಲನಿವಾಸಿ ಮಾವೋರಿಗಳ ಪ್ರಸಾರ ಸಂಸ್ಥೆ ತೆ ಹಿಕು ಮೀಡಿಯಾ ಹತ್ತೇ ದಿನದಲ್ಲಿ 300 ಗಂಟೆಗೂ ಹೆಚ್ಚು ತಮ್ಮ ಭಾಷೆಯ ಧ್ವನಿ ಕೂಡಿಸಿತು. ಯಂತ್ರವನ್ನೂ ತಾವೇ ಕಟ್ಟಿದರು, ಧ್ವನಿಯನ್ನು ಕಂಪನಿಗಳಿಗೆ ಬಿಟ್ಟುಕೊಡಲಿಲ್ಲ.

ಅಂಥವರು ನಿಮ್ಮ ಮನೆಗೆ ಬಂದರೆ ಕಾಗದ ಕನ್ನಡದಲ್ಲಿ ಕೇಳಿ, ಒಂದು ವಾರ ಇಟ್ಟುಕೊಳ್ಳಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಊರಿನ ಗಿಡಮೂಲಿಕೆ, ಅದರ ವಿದ್ಯೆಯ ದಾಖಲೆ ಇಡುವ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅವರ ಮುಂದೆಯೇ ಮಾತಾಡಿ. ನಮ್ಮಲ್ಲಿ ಅದರ ಸದಸ್ಯರು ಯಾರೆಂದು ತಿಳಿಯಲು ನಾನು ಮೂರು ಸಲ ಅಲೆದೆ, ನೀವೂ ಅಲೆಯಬೇಕಾದೀತು.

ಅಪ್ಪ ಶಾಲನ್ನು ಮಡಿಸಿ ಅಟ್ಟದ ಮೇಲಿಟ್ಟಿದ್ದಾರೆ. ಕಳೆದ ವಾರ ಅಂಥದೇ ಇನ್ನೊಂದು ಗುಂಪು ಮಧುಗಿರಿ ರಸ್ತೆಯ ಹಳ್ಳಿಗಳಲ್ಲಿ ವಿಚಾರಿಸುತ್ತಿತ್ತಂತೆ.